ಟ್ರೈಕೊಡರ್ಮಾ ಎಂಬ ಹೆಸರಿನ ಹಾದಿ

ಅಡಿಕೆ ತೋಟದ ಮಾತುಕತೆಯಲ್ಲಿ ಈಗ ಸಲೀಸಾಗಿ ಓಡಾಡುವ ಗ್ರೀಕ್ ಪದವೊಂದಿದೆ. “ಬುಡಕ್ಕೆ ಟ್ರೈಕೊಡರ್ಮಾ ಕೊಟ್ಟಾಯ್ತಾ?” “ಬೇವಿನ ಹಿಂಡಿ ತಂದಿಟ್ಟಿದೀನಿ, ಟ್ರೈಕೊಡರ್ಮಾ ಇನ್ನೂ ಸೊಸೈಟಿಗೆ ಬಂದಿಲ್ಲ.” ಸುಣ್ಣ, ಮೈಲುತುತ್ತಗಳ ಸಾಲಿನಲ್ಲೇ ಇದರ ಹೆಸರೂ ಬರುತ್ತದೆ. ಆಡುವವರಿಗೆ ಅದು ಪರಭಾಷೆಯದೆಂಬ ಅಳುಕಿಲ್ಲ. ಟ್ರೈಕೊಡರ್ಮಾವನ್ನು, ಟ್ರೈಕೊಡರ್ಮಾಕ್ಕೆ, ಟ್ರೈಕೊಡರ್ಮಾದಿಂದ ಎಂದು ಕನ್ನಡದ ವಿಭಕ್ತಿಗಳು ಅದಕ್ಕೆ ಒಗ್ಗಿಹೋಗಿವೆ.

ಈ ಹೆಸರನ್ನು ಹೊತ್ತಿರುವುದು ಒಂದು ಹಸಿರು ಬೂಷ್ಟು. ಇತರ ಶಿಲೀಂಧ್ರಗಳ ಮೈಮೇಲೆ ಹಬ್ಬಿ, ಅವುಗಳ ಒಳಹೊಕ್ಕು, ಅವನ್ನೇ ಉಂಡು ಬದುಕುವ ಜೀವಿ ಇದು. ಆದರೆ ಹೆಸರನ್ನು ಎಷ್ಟು ಬಿಡಿಸಿ ನೋಡಿದರೂ ಆ ಗುಣದ ಸುಳಿವು ಸಿಗುವುದಿಲ್ಲ. ಹೆಸರು ಹೇಳುವುದೊಂದು, ಜೀವಿ ಮಾಡುವುದು ಇನ್ನೊಂದು. ಈ ಅಂತರ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ, ಶಿಲೀಂಧ್ರಗಳ ಮೇಲೆ ಬೆಳೆಯುವ ಸಣ್ಣ ಶಿಲೀಂಧ್ರಗಳ ಗುರುತು ಹಿಡಿಯಲು ಇನ್ನೂರು ವರ್ಷಗಳಿಂದ ನಡೆದಿರುವ ಪ್ರಯತ್ನದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಮೊದಲು ಪದವನ್ನು ಬಿಡಿಸೋಣ. ಗ್ರೀಕಿನಲ್ಲಿ ‘ಥ್ರಿಕ್ಸ್’ ಎಂದರೆ ಕೂದಲು. ಅದರ ಷಷ್ಠೀ ರೂಪ ‘ಟ್ರಿಖೋಸ್’. ಎಲೆಯ ಮೇಲಿನ ನವಿರು ರೋಮಗಳಿಗೆ ಸಸ್ಯಶಾಸ್ತ್ರದವರು ‘ಟ್ರೈಕೋಮ್’ ಎನ್ನುವುದು ಇದೇ ಮೂಲದಿಂದ. ‘ಡರ್ಮಾ’ ಎಂದರೆ ತೊಗಲು. ಚರ್ಮವೈದ್ಯರನ್ನು ‘ಡರ್ಮಟಾಲಜಿಸ್ಟ್’ ಎನ್ನುವಲ್ಲಿಯೂ ಇದೇ ಇದೆ. ‘ಡರ್ಮ’ ಮತ್ತು ‘ಚರ್ಮ’ ಕಿವಿಗೆ ಒಂದೇ ಬಳಗದವು ಅನಿಸುತ್ತವೆ. ಅರ್ಥವೂ ಒಂದೇ ಆದ್ದರಿಂದ ನಂಟು ಕಲ್ಪಿಸಲು ಯಾರಿಗಾದರೂ ಮನಸ್ಸಾಗುತ್ತದೆ. ಆದರೆ ಆ ನಂಟು ನಿಲ್ಲುವುದಿಲ್ಲ. ಡರ್ಮಾ ಹುಟ್ಟಿದ್ದು ‘ಸುಲಿ’ ಎಂಬರ್ಥದ ಗ್ರೀಕ್ ಕ್ರಿಯಾಪದದಿಂದ. ಸಂಸ್ಕೃತದಲ್ಲಿ ಅದರ ನಿಜವಾದ ಬಂಧು ‘ಸೀಳು’ ಎಂಬರ್ಥದ ‘ದೄ’ ಧಾತು. ವಿದಾರಣ, ವಿದೀರ್ಣ ಎಂಬ ಪದಗಳು ಅದರ ಮಕ್ಕಳು. ‘ಗಿರಿದರಿ’ ಎನ್ನುವಾಗಿನ ‘ದರಿ’, ಅಂದರೆ ಬೆಟ್ಟದ ಸೀಳು, ಅದೂ ಇದೇ ಧಾತುವಿನದು. ಹೀಗೆ ಡರ್ಮಾಕ್ಕೆ ಚರ್ಮಕ್ಕಿಂತ ದರಿಯೇ ಹತ್ತಿರದ ನೆಂಟ.

ಲಿಂಗದ ವಿಷಯದಲ್ಲಿ ಮಾತ್ರ ಗ್ರೀಕಿಗೂ ಕನ್ನಡಕ್ಕೂ ಒಮ್ಮತವಿದೆ. ಡರ್ಮಾ ಗ್ರೀಕಿನಲ್ಲಿ ನಪುಂಸಕ ಲಿಂಗ. ಆದ್ದರಿಂದಲೇ ಲ್ಯಾಟಿನ್ ವಿಶೇಷಣಗಳು ಅದರ ಮುಂದೆ ನಪುಂಸಕ ರೂಪ ತಾಳುತ್ತವೆ: ‘ವಿರಿಡಿಸ್’ ಎನ್ನದೆ ‘ವಿರಿಡೆ’, ‘ಹಾರ್ಜಿಯಾನಸ್’ ಎನ್ನದೆ ‘ಹಾರ್ಜಿಯಾನಮ್’. ಪ್ಯಾಕೆಟ್ಟಿನ ಮೇಲೆ ಕನ್ನಡದಲ್ಲಿ ‘ಟ್ರೈಕೊಡರ್ಮಾ ವಿರಿಡೆ’ ಎಂದು ಅಚ್ಚಾಗಿರುವುದರ ಹಿಂದೆ ಇಂಥದೊಂದು ವ್ಯಾಕರಣವಿದೆ.

ಕೂದಲು ಮತ್ತು ತೊಗಲನ್ನು ಜೋಡಿಸಿ 1794ರಲ್ಲಿ ಈ ಹೆಸರನ್ನು ಕಟ್ಟಿದವರು ಕ್ರಿಸ್ಟಿಯಾನ್ ಹೆಂಡ್ರಿಕ್ ಪರ್ಸೂನ್. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ಹುಟ್ಟಿ, ಎಳೆತನದಲ್ಲೇ ಯುರೋಪಿಗೆ ಬಂದು, ಕೊನೆಗೆ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ಬಾಳಿ 1836ರಲ್ಲಿ ತೀರಿಕೊಂಡವರು. ಶಿಲೀಂಧ್ರಗಳನ್ನು ಕ್ರಮವಾಗಿ ವಿಂಗಡಿಸುವ ಶಾಸ್ತ್ರಕ್ಕೆ ತಳಪಾಯ ಹಾಕಿದ ಕೆಲವೇ ಜನರಲ್ಲಿ ಅವರೊಬ್ಬರು. ಸತ್ತ ಮರದ ಮೇಲೆ ಕಂಡ ಹಸಿರು ಮೆತ್ತೆಯೊಂದನ್ನು ಅವರು ನೋಡಿದರು. ಅಂಚಿನಲ್ಲಿ ಬಿಳಿ ಎಳೆಗಳು, ನಡುವೆ ಹಿಟ್ಟಿನಂಥ ಪುಡಿ. ರೋಮದ ತೊಗಲಿನೊಳಗೆ ಪುಡಿ ತುಂಬಿಕೊಂಡಿದೆ ಎಂಬುದು ಅವರ ತಿಳಿವಳಿಕೆ. ನೆಲದಲ್ಲಿ ಏಳುವ, ಒತ್ತಿದರೆ ಒಳಗಿನಿಂದ ಪುಡಿ ಹಾರುವ ಉಂಡೆ ಅಣಬೆಗಳ ಹತ್ತಿರದ ಬಳಗ ಎಂದುಕೊಂಡೇ ಇದನ್ನು ಅವರು ಹೆಸರಿಸಿದರು.

ಆ ತಿಳಿವಳಿಕೆ ಸರಿಯಿರಲಿಲ್ಲ. ಅಲ್ಲಿ ತೊಗಲೂ ಇಲ್ಲ, ತೊಗಲಿನೊಳಗೆ ತುಂಬಿದ ಪುಡಿಯೂ ಇಲ್ಲ. ಬಿಳಿ ಎಳೆಗಳು ಬೂಷ್ಟಿನ ಬೆಳೆಯುವ ದೇಹ. ಹಸಿರು ಪುಡಿ ಆ ಎಳೆಗಳ ತುದಿಯಲ್ಲಿ ಬಯಲಲ್ಲೇ ಹುಟ್ಟುವ ಬೀಜಕಗಳ ರಾಶಿ. ಪರ್ಸೂನ್ ಈ ಕುಲದಲ್ಲಿ ಬಣ್ಣದ ಮೇಲೆ ನಾಲ್ಕು ಪ್ರಭೇದಗಳನ್ನು ಇಟ್ಟಿದ್ದರು: ಹಸಿರಿನದು, ಕಪ್ಪು ಛಾಯೆಯದು, ಹೊಂಬಣ್ಣದ್ದು, ಗುಲಾಬಿಯದು. ಮುಂದೆ ಉಳಿದ ಮೂರೂ ಬೇರೆ ಬೇರೆ ಬಳಗದವೆಂದು ತಿಳಿದು ಹೊರಹೋದವು. ಹಸಿರಿನ ವಿರಿಡೆಯೊಂದೇ ಉಳಿಯಿತು. ಅರ್ಥ ಬಿದ್ದುಹೋದ ಮೇಲೂ ಹೆಸರು ನಿಂತಿತು. ಜೀವಿಗಳ ನಾಮಕರಣದ ನಿಯಮವೇ ಹಾಗೆ: ಮೊದಲು ಪ್ರಕಟವಾದ ಹೆಸರಿಗೆ ಮನ್ನಣೆ, ಅದರ ಅರ್ಥ ಸರಿಯೋ ತಪ್ಪೋ ಎಂಬ ವಿಚಾರಣೆ ಇಲ್ಲ.

ಮುಂದಿನ ತಿರುವು ಫ್ರಾನ್ಸಿನಲ್ಲಿ. ಲೂಯಿ ರೆನೆ ಮತ್ತು ಶಾರ್ಲ್ ತುಲಾನ್ ಎಂಬ ಅಣ್ಣತಮ್ಮಂದಿರು 1861ರಿಂದ 1865ರವರೆಗೆ ಮೂರು ಸಂಪುಟಗಳಲ್ಲಿ ಶಿಲೀಂಧ್ರಗಳ ಫಲಾಂಗಗಳ ಬಗ್ಗೆ ಬರೆದರು. ಅದರಲ್ಲಿ ಶಾರ್ಲ್ ಬಿಡಿಸಿದ ಚಿತ್ರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಒಂದೇ ಶಿಲೀಂಧ್ರ ಎರಡು ವೇಷಗಳಲ್ಲಿ ಬಾಳಬಲ್ಲದು ಎಂಬುದು ಅವರ ಮುಖ್ಯ ಶೋಧ. ಮರದ ಮೇಲೆ ಕಂದುಗೆಂಪು ಬಣ್ಣದ ಸಣ್ಣ ಮೆತ್ತನೆಯ ದಿಂಡಾಗಿ ಬೆಳೆಯುವ ‘ಹೈಪೊಕ್ರಿಯಾ ರೂಫಾ’ ಎಂಬ ಶಿಲೀಂಧ್ರವೂ ಹಸಿರು ಬೂಷ್ಟಾದ ಟ್ರೈಕೊಡರ್ಮಾ ವಿರಿಡೆಯೂ ಒಂದೇ ಜೀವಿಯ ಎರಡು ಅವಸ್ಥೆಗಳು ಎಂದು ಅವರು 1865ರಲ್ಲಿ ಹೇಳಿದರು. ಹಸಿರು ಪುಡಿ ಸಂಗಮವಿಲ್ಲದೆ ಹುಟ್ಟಿದ ಬೀಜಕ. ಕೆಂಪು ದಿಂಡು ಸಂಗಮದಿಂದ ಹುಟ್ಟಿದ ಫಲಾಂಗ. ಹೀಗೆ ಒಂದು ಜೀವಿಗೆ ಎರಡು ಹೆಸರು ಅಂಟಿದವು. ಈ ಎರಡು ಹೆಸರಿನ ಕಾಟ ಒಂದೂವರೆ ಶತಮಾನ ಮುಂದುವರಿಯಿತು.

ಹೈಪೊಕ್ರಿಯಾ ರೂಪದಲ್ಲಿ ಇವುಗಳನ್ನು ಗುರುತಿಸುವುದು ತಾಳ್ಮೆಯ ಕೆಲಸ. ಯುರೋಪಿನಲ್ಲಿ ಬರ್ಚ್ ಮರದ ಮೇಲೆ ಬೆಳೆಯುವ ದೊಡ್ಡ ಅಣಬೆಯೊಂದಿದೆ. ಅದು ಹಳತಾಗಿ ಸಾಯುವ ಹೊತ್ತಿಗೆ ಅದರ ತಳಭಾಗದಲ್ಲಿ ಹಳದಿ ಬಣ್ಣದ ಪುಟ್ಟ ದಿಂಡುಗಳು ಏಳುತ್ತವೆ. ಅಣಬೆಯನ್ನು ಉಂಡು ಬೆಳೆಯುವ ‘ಪಲ್ವಿನೇಟಮ್’ ಎಂಬ ಪ್ರಭೇದ ಅದು. ದಿಂಡಿನ ಮೇಲೆ ಭೂತಗನ್ನಡಿ ಹಿಡಿದರೆ ಚುಕ್ಕಿಗಳು ಕಾಣುತ್ತವೆ. ಪ್ರತಿ ಚುಕ್ಕಿಯೂ ಒಳಗಿನ ಒಂದು ಗೂಡಿನ ಬಾಯಿ. ದಿಂಡನ್ನು ಅಲಗಿನಿಂದ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಗೂಡಿನ ತುಂಬ ಉದ್ದನೆಯ ಚೀಲಗಳು. ಒಂದೊಂದು ಚೀಲದಲ್ಲಿ ಎಂಟು ಬೀಜಕಗಳು ಹುಟ್ಟಿ, ಪ್ರತಿಯೊಂದೂ ಅಡ್ಡಲಾಗಿ ಎರಡಾಗಿ, ಒಟ್ಟು ಹದಿನಾರು ತುಣುಕುಗಳು ಸಾಲಾಗಿ ಕುಳಿತಿರುತ್ತವೆ. ಈ ಹದಿನಾರು ಕಂಡರೆ ಇದು ಟ್ರೈಕೊಡರ್ಮಾದ ಬಳಗ ಎಂದು ಹೇಳಲು ಗಟ್ಟಿ ಆಧಾರ ಸಿಕ್ಕಂತೆ. ಇಂಥ ಪರಾವಲಂಬಿಗಳ ವಿಷಯದಲ್ಲಿ ಇನ್ನೊಂದು ದೊಡ್ಡ ಸುಳಿವು ಆಶ್ರಯ ಕೊಟ್ಟ ಅಣಬೆ. ಅದು ಯಾವುದೆಂದು ತಿಳಿದರೆ ಮೇಲೆ ಬೆಳೆದದ್ದು ಏನಿರಬಹುದು ಎಂಬ ಪಟ್ಟಿ ಎಷ್ಟೋ ಕಿರಿದಾಗುತ್ತದೆ. ಆದ್ದರಿಂದ ಪರಾವಲಂಬಿಯ ಹೆಸರು ಹುಡುಕುವವರು ಮೊದಲು ಆಶ್ರಯದಾತನ ಹೆಸರು ಬರೆದುಕೊಳ್ಳಬೇಕು.

ಈ ಜೀವಿಯ ನಡತೆ ಹೆಸರಿಗೆ ಸೇರಿಕೊಂಡದ್ದು 1932ರಲ್ಲಿ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನ ಸಿಟ್ರಸ್ ಪ್ರಯೋಗಾಲಯದಲ್ಲಿ ರಿಚರ್ಡ್ ವೈಂಡ್ಲಿಂಗ್ ಎಂಬ ವಿಜ್ಞಾನಿ ಕಿತ್ತಳೆ ಜಾತಿಯ ಸಸಿಗಳು ಬುಡ ಕೊಳೆತು ಮಗುಚುವ ರೋಗವನ್ನು ಅಭ್ಯಾಸ ಮಾಡುತ್ತಿದ್ದರು. ಆ ರೋಗ ತರುವುದು ‘ರೈಜೊಕ್ಟೋನಿಯಾ ಸೊಲಾನಿ’. ಈ ಹೆಸರು ಜೀವಿಯ ಕೃತ್ಯವನ್ನು ನೇರವಾಗಿ ಹೇಳುತ್ತದೆ: ‘ರೈಜಾ’ ಎಂದರೆ ಬೇರು, ‘ಕ್ಟೋನೋಸ್’ ಎಂದರೆ ಕೊಲೆ. ಬೇರನ್ನು ಕೊಲ್ಲುವ ಆ ಶಿಲೀಂಧ್ರವನ್ನೇ ಟ್ರೈಕೊಡರ್ಮಾ ಕೊಲ್ಲುತ್ತಿರುವುದನ್ನು ವೈಂಡ್ಲಿಂಗ್ ಕಂಡರು. ಟ್ರೈಕೊಡರ್ಮಾ ಮಣ್ಣಿನ ಇತರ ಶಿಲೀಂಧ್ರಗಳ ಮೇಲೆ ಪರಾವಲಂಬಿ ಎಂದು ಬರೆದರು.

ಇದನ್ನು ಇಂದು ಕೃಷಿ ಕಾಲೇಜಿನ ಯಾವ ವಿದ್ಯಾರ್ಥಿಯೂ ಕಣ್ಣಾರೆ ನೋಡಬಹುದು. ಆಲೂಗಡ್ಡೆ ಸಾರ ಹಾಕಿ ಹೆಪ್ಪುಗಟ್ಟಿಸಿದ ಅಗರ್ ತಟ್ಟೆಯ ಒಂದಂಚಿಗೆ ರೈಜೊಕ್ಟೋನಿಯಾ, ಎದುರಂಚಿಗೆ ಟ್ರೈಕೊಡರ್ಮಾ ಇಡುತ್ತಾರೆ. ಕೆಲವೇ ದಿನಗಳಲ್ಲಿ ಎರಡೂ ಹಬ್ಬಿ ನಡುವೆ ಸಂಧಿಸುತ್ತವೆ. ಆಮೇಲೆ ರೈಜೊಕ್ಟೋನಿಯಾ ಅಲ್ಲೇ ನಿಲ್ಲುತ್ತದೆ. ಟ್ರೈಕೊಡರ್ಮಾ ನಿಲ್ಲುವುದಿಲ್ಲ, ಎದುರಾಳಿಯ ಮೇಲೆಯೇ ಹಬ್ಬುತ್ತ ಹೋಗುತ್ತದೆ. ಸಂಧಿಸಿದ ಜಾಗದಿಂದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ, ದಪ್ಪ ಎಳೆಯೊಂದನ್ನು ಸಪುರ ಎಳೆಯೊಂದು ಸುತ್ತು ಸುತ್ತಾಗಿ ಬಿಗಿದಿರುವುದು ಕಾಣುತ್ತದೆ. ಸಪುರ ಎಳೆ ಟ್ರೈಕೊಡರ್ಮಾದ್ದು. ಅದು ಕೈಟಿನೇಸ್, ಗ್ಲೂಕನೇಸ್ ಎಂಬ ಕಿಣ್ವಗಳನ್ನು ಸ್ರವಿಸಿ ಎದುರಾಳಿಯ ಕೋಶಭಿತ್ತಿಯನ್ನು ಕರಗಿಸಿ ಒಳನುಗ್ಗುತ್ತದೆ. ಒಳಗಿನ ಸಾರ ಬರಿದಾಗಿ ದಪ್ಪ ಎಳೆ ಕುಸಿಯುತ್ತದೆ.

ಆದರೆ ಈ ಶೋಧದ ನಾಯಕನ ಹೆಸರೇ ಅನುಮಾನಕ್ಕೆ ಒಳಗಾಯಿತು. ವೈಂಡ್ಲಿಂಗ್ ತಮ್ಮ ಶಿಲೀಂಧ್ರವನ್ನು ‘ಟ್ರೈಕೊಡರ್ಮಾ ಲಿಗ್ನೋರಮ್’ ಎಂದು ಕರೆದಿದ್ದರು. ಅದರಿಂದ ಗ್ಲಿಯೊಟಾಕ್ಸಿನ್ ಎಂಬ ವಿಷವಸ್ತು ಸಿಕ್ಕಮೇಲೆ, ಇದು ಟ್ರೈಕೊಡರ್ಮಾ ಅಲ್ಲ, ‘ಗ್ಲಿಯೊಕ್ಲಾಡಿಯಮ್’ ಎಂಬ ಬೇರೆ ಕುಲದ್ದು ಎಂದು ಹೆಸರು ಬದಲಾಯಿತು. ಕೊನೆಗೆ ಆ ಪ್ರಭೇದವೇ ‘ಟ್ರೈಕೊಡರ್ಮಾ ವೈರೆನ್ಸ್’ ಆಗಿ ಹಳೆಯ ಕುಲಕ್ಕೆ ಮರಳಿತು. ಇಂಥದೇ ಇನ್ನೊಂದು ಪ್ರಸಂಗ ಎರಡನೆಯ ಮಹಾಯುದ್ಧದ ಕಾಲದ್ದು. ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿ ಬಟ್ಟೆಯ ಸಾಮಾನುಗಳು ಬೂಷ್ಟು ಹಿಡಿದು ಕೊಳೆಯುತ್ತಿದ್ದವು. ಅಲ್ಲಿಂದ ಬೇರ್ಪಡಿಸಿದ ಒಂದು ತಳಿಯನ್ನು ಬಹುಕಾಲ ‘ವಿರಿಡೆ’ ಎಂದೇ ಕರೆದರು. ಅದು ಬೇರೆಯದೇ ಪ್ರಭೇದವೆಂದು ತಿಳಿದು, ಅದರ ಮೇಲೆ ದುಡಿದ ಎಲ್ವಿನ್ ರೀಸ್ ಅವರ ಗೌರವಾರ್ಥ 1977ರಲ್ಲಿ ‘ಟ್ರೈಕೊಡರ್ಮಾ ರೀಸಿಯೈ’ ಎಂದು ಹೆಸರಿಟ್ಟರು. ಜೀನ್ಸ್ ಬಟ್ಟೆಯನ್ನು ಮೆದುಗೊಳಿಸುವ ಸೆಲ್ಯುಲೇಸ್ ಕಿಣ್ವವನ್ನು ಇಂದು ಕೈಗಾರಿಕೆಗಳು ಪಡೆಯುವುದು ಇದರ ಸಂತತಿಯಿಂದ.

ಇಷ್ಟು ಗೊಂದಲ ಏಕೆಂದರೆ ಕಣ್ಣಿಗೆ ಇವೆಲ್ಲ ಒಂದೇ. ತಟ್ಟೆಯಲ್ಲಿ ಮೊದಲು ಬಿಳಿ ಹತ್ತಿಯ ಹಾಗೆ ಹಬ್ಬುತ್ತವೆ. ನಾಲ್ಕೈದು ದಿನಗಳಲ್ಲಿ ಬೆಳಕು ಕಂಡು ಹಸಿರು ಬಳೆಗಳಾಗುತ್ತವೆ. ಕೆಲವು ಪ್ರಭೇದಗಳ ತಟ್ಟೆಯ ಮುಚ್ಚಳ ತೆರೆದರೆ ತೆಂಗಿನಕಾಯಿಯ ಪರಿಮಳ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ಕಾಂಡ, ಕೆಳಗಿನ ಕವಲು ಉದ್ದ, ಮೇಲಕ್ಕೆ ಹೋದಂತೆ ಗಿಡ್ಡ. ಕವಲಿನ ತುದಿಯಲ್ಲಿ ಹೊಟ್ಟೆ ಉಬ್ಬಿ ಕೊರಳು ಸಪುರವಾದ ಕೋಶಗಳು, ಆ ಕೊರಳಿನಿಂದ ಹೊರಬೀಳುವ ಮೂರು ನಾಲ್ಕು ಮೈಕ್ರಾನ್ ಗಾತ್ರದ ಹಸಿರು ಗುಂಡುಗಳು. ಇವಿಷ್ಟರಲ್ಲೇ ಭೇದ ಹುಡುಕಬೇಕು. 1939ರಲ್ಲಿ ಬಿಸ್ಬಿ ಎಂಬ ವಿದ್ವಾಂಸರು ಕೈಚೆಲ್ಲಿ, ಇರುವುದು ವಿರಿಡೆ ಎಂಬ ಒಂದೇ ಪ್ರಭೇದ ಎಂದರು. ಆಮೇಲೆ ಮೂರು ದಶಕ ಕಾಲ ಯಾವ ಹಸಿರು ಬೂಷ್ಟು ಕಂಡರೂ ವಿರಿಡೆ ಎಂದು ಬರೆಯುವುದು ರೂಢಿಯಾಯಿತು.

ಆ ರೂಢಿಯನ್ನು ಮುರಿದವರು ಇಂಡೊನೇಷ್ಯದ ಮಿಯೆನ್ ರಿಫಾಯ್. 1969ರಲ್ಲಿ ಅವರು ಇಡೀ ಕುಲವನ್ನು ಮರುಪರಿಶೀಲಿಸಿ ಒಂಬತ್ತು ಪ್ರಭೇದ ಗುಂಪುಗಳನ್ನು ಬಿಡಿಸಿಟ್ಟರು. ಬೀಜಕದ ಮೈ ತರಿತರಿಯಾಗಿದ್ದರೆ ವಿರಿಡೆ, ನುಣ್ಣಗಿದ್ದು ದುಂಡಗಿದ್ದರೆ ಹಾರ್ಜಿಯಾನಮ್, ಹೀಗೆ. ಹಾರ್ಜಿಯಾನಮ್ ಎಂಬ ಹೆಸರಿಟ್ಟವರೂ ಅವರೇ. ನಮ್ಮ ಕಾಳುಮೆಣಸು, ಏಲಕ್ಕಿ, ಶುಂಠಿ ಬೆಳೆಗಾರರು ಇಂದು ಬಳಸುವ ಎರಡು ಹೆಸರುಗಳ ಪೈಕಿ ಒಂದು ಹೀಗೆ ಏಷ್ಯಾದ ವಿಜ್ಞಾನಿಯೊಬ್ಬರ ಸೂಕ್ಷ್ಮ ನೋಟದಿಂದ ಬಂದದ್ದು.

ರಿಫಾಯ್ ಅವರ ಗುಂಪುಗಳನ್ನೂ ಡಿಎನ್‌ಎ ಪರೀಕ್ಷೆ ಒಡೆಯಿತು. 2020ರ ಹೊತ್ತಿಗೆ ಡಿಎನ್‌ಎ ದಾಖಲೆಯಿರುವ ಟ್ರೈಕೊಡರ್ಮಾ ಪ್ರಭೇದಗಳ ಸಂಖ್ಯೆ 375ಕ್ಕೆ ಏರಿತ್ತು. ಶಿಲೀಂಧ್ರಗಳಿಗೆಲ್ಲ ಸಾಮಾನ್ಯವಾಗಿ ಬಳಸುವ ಐಟಿಎಸ್ ಎಂಬ ಡಿಎನ್‌ಎ ತುಣುಕು ಇಲ್ಲಿ ಕುಲದವರೆಗೆ ಮಾತ್ರ ದಾರಿ ತೋರುತ್ತದೆ. ಪ್ರಭೇದ ಹೇಳಬೇಕಾದರೆ ಇನ್ನೂ ಎರಡು ಜೀನುಗಳನ್ನು ಓದಬೇಕು. ನಡುವೆ 2011ರಲ್ಲಿ ಮೆಲ್ಬರ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ‘ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು’ ಎಂದು ತೀರ್ಮಾನಿಸಿತು. ತುಲಾನ್ ಸೋದರರ ಕಾಲದಿಂದ ಜೊತೆಗಿದ್ದ ಹೈಪೊಕ್ರಿಯಾ ಹಿಂದೆ ಸರಿದು, ಟ್ರೈಕೊಡರ್ಮಾವೇ ಉಳಿಯಿತು. ಅದೇ 2011ರಲ್ಲಿ ಮೂರು ಪ್ರಭೇದಗಳ ಜೀನೋಮ್ ಹೋಲಿಸಿದ ಅಧ್ಯಯನವೊಂದು, ಇತರ ಶಿಲೀಂಧ್ರಗಳನ್ನು ಉಣ್ಣುವುದೇ ಈ ಕುಲದ ಮೂಲ ಜೀವನಕ್ರಮ, ಮರವನ್ನೋ ಬಟ್ಟೆಯನ್ನೋ ಕರಗಿಸುವುದು ಆಮೇಲೆ ಕಲಿತದ್ದು ಎಂದು ತೋರಿಸಿತು. ಪರ್ಸೂನ್ ಕಂಡ ಕೂದಲೂ ತೊಗಲೂ ಹುಸಿಯಾದವು. ಇಡೀ ಕುಲವನ್ನು ಒಂದುಗೂಡಿಸುವ ನಿಜವಾದ ಗುಣ ಹೆಸರಿನ ಹೊರಗೇ ಉಳಿದಿತ್ತು.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಣಬೆ ಬೇಸಾಯದಲ್ಲಿ ಒಂದು ಪಾಠವಿದೆ. 1980ರ ದಶಕದ ನಡುವೆ ಉತ್ತರ ಐರ್ಲೆಂಡಿನಲ್ಲಿ, ಮುಂದಿನ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಗುಂಡಿ ಅಣಬೆಯ ಮನೆಗಳಿಗೆ ಹಸಿರು ಬೂಷ್ಟು ನುಗ್ಗಿ ಬೆಳೆ ಹಾಳುಗೆಡವಿತು. ನೋಡಲು ಅದು ಹಾರ್ಜಿಯಾನಮ್‌ನಂತೆಯೇ ಇತ್ತು. ಬೆಳೆ ಕಾಯಲೆಂದು ಹೊಲಕ್ಕೆ ಹಾಕುವ ಮಿತ್ರನೇ ಅಣಬೆ ಮನೆಗೆ ಶತ್ರುವಾಯಿತೇ ಎಂಬ ಶಂಕೆ ಹುಟ್ಟಿತು. ಡಿಎನ್‌ಎ ನೋಡಿದಾಗ ಅದು ಪ್ರತ್ಯೇಕ ಪ್ರಭೇದವೆಂದು ತಿಳಿಯಿತು. 2002ರಲ್ಲಿ ಅದಕ್ಕೆ ‘ಟ್ರೈಕೊಡರ್ಮಾ ಅಗ್ರೆಸಿವಮ್’ ಎಂದು ಹೆಸರಿಟ್ಟರು. ಸರಿಯಾದ ಹೆಸರು ಬಂದ ಮೇಲೆಯೇ ಹಾರ್ಜಿಯಾನಮ್ ಮೇಲಿನ ಆ ಅಪವಾದ ಕಳೆಯಿತು. ಭತ್ತದ ಹುಲ್ಲಿನ ಚೀಲದಲ್ಲಿ ಚಿಪ್ಪಣಬೆ ಬೆಳೆಯುವ ನಮ್ಮವರಿಗೂ ಹಸಿರು ಕಲೆಯ ಕಾಟ ಗೊತ್ತು. ಚಿಪ್ಪಣಬೆಗೇ ಅಂಟುವ ಟ್ರೈಕೊಡರ್ಮಾಗಳು ಬೇರೆ ಇವೆ. ತೋಟಕ್ಕೆ ಟ್ರೈಕೊಡರ್ಮಾ ಗೊಬ್ಬರ ಹದ ಮಾಡುವ ಜಾಗವನ್ನು ಅಣಬೆ ಮನೆಯಿಂದ ದೂರ ಇಡುವುದು ಹೇಗೂ ಒಳ್ಳೆಯದು.

ಪದಗಳ ಪಯಣ ಒಮ್ಮುಖವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೈಸೂರಿನ ಕಾಫಿ ಎಲೆಗಳನ್ನು ಕೊಳೆಸುತ್ತಿದ್ದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ 1876ರಲ್ಲಿ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟರು. 1958ರಲ್ಲಿ ಡಚ್ ವಿದ್ವಾಂಸ ಡೋಂಕ್ ‘ಕೊಳೆರೋಗ’ವನ್ನೇ ಒಂದು ಕುಲದ ಹೆಸರಾಗಿ ಮಾಡಿದರು. ಆ ಶಿಲೀಂಧ್ರ ಈಗ ಬೇರೆ ಕುಲಕ್ಕೆ ಸೇರಿದೆ. ಆದರೂ ಬೆಳೆಗಾರರ ಬಾಯಿಮಾತು ಲ್ಯಾಟಿನ್ ದಾಖಲೆಯಲ್ಲಿ ಶಾಶ್ವತವಾಗಿ ಕೂತಿದೆ. ಅಡಿಕೆಯ ಕೊಳೆರೋಗ ಇದಲ್ಲ. ಅದನ್ನು ತರುವುದು ಫೈಟಾಫ್ತೊರಾ ಎಂಬ ಬೇರೆಯದೇ ಜೀವಿ. ಅಡಿಕೆಗೆ ತಗಲುವ ಇನ್ನೊಂದು ರೋಗಕ್ಕೆ ರೈತರು ‘ಅಣಬೆ ರೋಗ’ ಎನ್ನುತ್ತಾರೆ. ಮರ ಸೊರಗಿ, ಬುಡದಲ್ಲಿ ಮೆರುಗೆಣ್ಣೆ ಬಳಿದಂಥ ಅಣಬೆ ಏಳುತ್ತದೆ. ಅದರ ಶಾಸ್ತ್ರೀಯ ಹೆಸರು ‘ಗ್ಯಾನೊಡರ್ಮಾ’: ‘ಗಾನೋಸ್’ ಎಂದರೆ ಹೊಳಪು, ಡರ್ಮಾ ಅದೇ ತೊಗಲು. ಹೊಳೆವ ತೊಗಲಿನ ಈ ಶತ್ರುವನ್ನು ತಡೆಯಲೆಂದೇ ರೋಮದ ತೊಗಲಿನ ಟ್ರೈಕೊಡರ್ಮಾವನ್ನು ಬುಡಕ್ಕೆ ಕೊಡುತ್ತಾರೆ. ಒಂದೇ ಗ್ರೀಕ್ ಪದ ರೋಗಕ್ಕೂ ಮದ್ದಿಗೂ ಅಂಟಿಕೊಂಡಿದೆ. ಗ್ಯಾನೊಡರ್ಮಾದ ತೊಗಲು ಮಾತ್ರ ನಿಜವಾಗಿ ಹೊಳೆಯುತ್ತದೆ.

ಪ್ಯಾಕೆಟ್ಟಿನ ಮೇಲೆ ಟ್ರೈಕೊಡರ್ಮಾದ ಕೆಳಗೆ ‘ಜೈವಿಕ ಶಿಲೀಂಧ್ರನಾಶಕ’ ಎಂಬ ಇನ್ನೊಂದು ಮಾತಿರುತ್ತದೆ. ಶಿಲೀಂಧ್ರ ಬಹಳ ಹಳೆಯ ಸಂಸ್ಕೃತ ಪದ. ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದ ಏಳುವುದು ಇದೇ ಶಿಲೀಂಧ್ರ. ವ್ಯಾಖ್ಯಾನಕಾರ ಮಲ್ಲಿನಾಥ ಅಲ್ಲಿ ಅದಕ್ಕೆ ಕಂದಲಿ ಎಂಬ ಸಸ್ಯದ ಅರ್ಥ ಕೊಟ್ಟಿದ್ದಾನೆ. ಬಾಳೆಯ ಹೂವು ಎಂಬರ್ಥವೂ ನಿಘಂಟುಗಳಲ್ಲಿದೆ. ಆಧುನಿಕ ವಿಜ್ಞಾನ ಈ ಪದವನ್ನು ಎತ್ತಿಕೊಂಡು ಅಣಬೆ, ಬೂಷ್ಟು, ತುಕ್ಕು, ಕಾಡಿಗೆ ಎಂದು ಜನ ಬೇರೆ ಬೇರೆಯಾಗಿ ಕರೆಯುತ್ತಿದ್ದವನ್ನೆಲ್ಲ ಅದರಡಿ ತಂದಿತು. ಶಿಲೀಂಧ್ರವೊಂದನ್ನೇ ಶಿಲೀಂಧ್ರನಾಶಕ ಎಂದು ಕರೆಯುವ ಈ ಜೋಡಿಪದದಲ್ಲಿ, ಗ್ರೀಕ್ ಹೆಸರು ಹೇಳದೆ ಬಿಟ್ಟ ಗುಣವನ್ನು ಕನ್ನಡ ಹೇಳಿದೆ.

ಈಗ ನನ್ನ ಮುಖ್ಯ ಮಾತು. ಪ್ಯಾಕೆಟ್ಟಿನ ಮೇಲೆ ‘ವಿರಿಡೆ’ ಎಂದು ಬರೆದಿರುವುದೆಲ್ಲ ವಿರಿಡೆ ಆಗಿರಬೇಕಿಲ್ಲ. ಆ ಹೆಸರಿನಲ್ಲಿದ್ದ ಹಲವು ತಳಿಗಳನ್ನು ಮರುಪರೀಕ್ಷೆ ಮಾಡಿದಾಗ ಅವು 1999ರಲ್ಲಿ ವಿವರಿಸಿದ ‘ಟ್ರೈಕೊಡರ್ಮಾ ಆಸ್ಪೆರೆಲ್ಲಮ್’ ಎಂದು ತಿಳಿದುಬಂದಿದೆ. ಅದರ ಬೀಜಕದ ಮೈಯೂ ತರಿತರಿಯೇ, ಆದ್ದರಿಂದಲೇ ಈ ತಪ್ಪು. ತಳಿ ಕೆಲಸ ಮಾಡುತ್ತಿದ್ದರೆ ಹೆಸರು ಯಾವುದಾದರೇನು ಎಂದು ಕೇಳುವವರಿದ್ದಾರೆ. ಹೆಸರು ಸರಿಯಿಲ್ಲದಿದ್ದರೆ ಒಬ್ಬರ ಪ್ರಯೋಗದ ಫಲಿತಾಂಶ ಇನ್ನೊಬ್ಬರಿಗೆ ದಕ್ಕುವುದಿಲ್ಲ. ಯಾವ ಉಷ್ಣತೆಗೆ ಯಾವುದು ಬದುಕುತ್ತದೆ, ಯಾವ ರೋಗಕ್ಕೆ ಯಾವುದು ನಾಟುತ್ತದೆ ಎಂಬ ತಿಳಿವಳಿಕೆ ಕೂಡಿಬರುವುದಿಲ್ಲ. ನಮ್ಮ ದೇಶದ ನೋಂದಣಿ ನಿಯಮದಂತೆ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕು. ರೈತ ಅದರಲ್ಲಿ ಒಂದು ಕಿಲೋವನ್ನು ಸುಮಾರು 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಯೊಂದಿಗೆ ಬೆರೆಸಿ, ತೇವ ಆರದಂತೆ ನೆರಳಲ್ಲಿ ಮುಚ್ಚಿಟ್ಟು, ಬಿಳಿ ಎಳೆ ಹಬ್ಬುವವರೆಗೆ ಕಾಯುತ್ತಾನೆ. ಅಷ್ಟು ಶ್ರದ್ಧೆಗೆ ಪ್ರತಿಯಾಗಿ, ಪುಡಿಯಲ್ಲಿರುವುದು ಯಾವ ಪ್ರಭೇದ, ಯಾವ ತಳಿ, ತಯಾರಾದ ದಿನ ಯಾವುದು ಎಂಬುದನ್ನು ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ, ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು ಅಚ್ಚು ಹಾಕಬೇಕು.

ಹೆಸರಿನ ಅರ್ಥ ತಪ್ಪಾಗಿದ್ದರೂ ನಷ್ಟವಿಲ್ಲ. ಕೂದಲಿಲ್ಲದ, ತೊಗಲಿಲ್ಲದ ಈ ಬೂಷ್ಟು ಅದೇ ಹೆಸರಿನಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ಬಾಳಿದೆ. ಆದರೆ ಹೆಸರು ಅಂಟಿಕೊಂಡ ಜೀವಿಯೇ ಬೇರೆಯಾದರೆ ನಷ್ಟ ನೇರವಾಗಿ ತೋಟಕ್ಕೆ, ಅಣಬೆ ಮನೆಗೆ ತಟ್ಟುತ್ತದೆ. ಪರ್ಸೂನ್, ತುಲಾನ್, ವೈಂಡ್ಲಿಂಗ್, ರಿಫಾಯ್ ಇವರೆಲ್ಲ ಕಣ್ಣು ನೋಯಿಸಿಕೊಂಡು ಹುಡುಕಿದ್ದು ಇದನ್ನೇ: ಈ ಹೆಸರು ಯಾವ ಜೀವಿಯದು? ಪ್ರತಿ ಪ್ಯಾಕೆಟ್ಟೂ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವಂತಾದರೆ, ಕನ್ನಡಕ್ಕೆ ಬಂದು ನೆಲೆಸಿದ ಈ ಪದವನ್ನು ರೈತರು ನಂಬಿ ಬಳಸಬಹುದು.